ಪಿಎಸ್‌ಐ ತರಬೇತಿಯ ವರ್ಷ: ಕವಾಯತು ಮೈದಾನದಿಂದ ಮಹಜರಿನವರೆಗೆ

ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ತಯಾರಿ ನಡೆಸುತ್ತಿರುವವರು ನನ್ನನ್ನು ಕಂಡಾಗ ಮೊದಲು ಕೇಳುವುದು ಓಟದ ಬಗ್ಗೆ, ಆಮೇಲೆ ಕಟ್‌ಆಫ್ ಬಗ್ಗೆ. ಆಯ್ಕೆಯಾದ ಮೇಲೆ ಅಕಾಡೆಮಿಯಲ್ಲಿ ಏನು ಕಲಿಸುತ್ತಾರೆ ಎಂದು ಕೇಳುವವರು ತೀರಾ ಕಡಿಮೆ. ಮೈದಾನದಲ್ಲಿ ಬೆವರು ಹರಿಸುವುದು, ಬಂದೂಕು ಹಿಡಿಯುವುದು, ಕೊನೆಗೆ ನಿರ್ಗಮನ ಪಥಸಂಚಲನದಲ್ಲಿ ಹೆಜ್ಜೆ ಹಾಕುವುದು, ಇಷ್ಟೇ ತರಬೇತಿ ಎಂಬ ಕಲ್ಪನೆ ಹೊರಗಿನವರಲ್ಲಿ ಗಟ್ಟಿಯಾಗಿದೆ. ಅದೆಲ್ಲವೂ ಇದೆ, ಮತ್ತು ಅದೆಲ್ಲವೂ ಕಷ್ಟದ್ದೇ. ಆದರೆ ನಾನು ಕಂಡಂತೆ ಆ ವರ್ಷದ ತಿರುಳು ಇರುವುದು ಬರವಣಿಗೆಯಲ್ಲಿ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ, ನಾಳೆ ನ್ಯಾಯಾಲಯದಲ್ಲಿ ಯಾರು ಅಲುಗಾಡಿಸಿದರೂ ಅಲುಗದ ಹಾಗೆ ಕಾಗದಕ್ಕೆ ಇಳಿಸುವುದನ್ನು ಕಲಿಯದೆ ಯಾರೂ ಪೊಲೀಸ್ ಅಧಿಕಾರಿಯಾಗಲಾರರು. ಕಾನೂನು ನಮಗೆ ಕೊಡುವ ಪ್ರತಿಯೊಂದು ಅಧಿಕಾರದ ಪಕ್ಕದಲ್ಲೇ ಅದರ ಗಡಿಯೂ ಇರುತ್ತದೆ, ಆ ಗಡಿಯನ್ನು ನಾವು ದಾಟಿಲ್ಲ ಎಂದು ತೋರಿಸುವುದಕ್ಕೆ ಉಳಿಯುವ ಏಕೈಕ ಸಾಕ್ಷಿ ನಮ್ಮದೇ ಬರಹ. ತಯಾರಿಯಲ್ಲಿರುವವರಿಗೆ ಇದು ಮೊದಲೇ ತಿಳಿದಿರಲಿ ಎಂಬ ಕಾಳಜಿಯಿಂದ ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಅರ್ಹತೆಯ ವಿಷಯವನ್ನು ಮೊದಲು ಮುಗಿಸುತ್ತೇನೆ. ಕರ್ನಾಟಕದಲ್ಲಿ ಸಿವಿಲ್ ಪಿಎಸ್‌ಐ ಹುದ್ದೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕು, ಕನಿಷ್ಠ ವಯಸ್ಸು 21. ಗರಿಷ್ಠ ವಯೋಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆಯಾಗುತ್ತದೆ ಮತ್ತು ಅಧಿಸೂಚನೆಯಿಂದ ಅಧಿಸೂಚನೆಗೆ ಸಡಿಲಿಕೆಗಳು ಬರುತ್ತಿರುತ್ತವೆ, ಆದ್ದರಿಂದ ಯಾರೋ ಹೇಳಿದ್ದನ್ನು ನಂಬದೆ ಆಯಾ ಅಧಿಸೂಚನೆಯನ್ನೇ ಓದಬೇಕು. ನಾನು ಅರ್ಜಿ ಹಾಕಿದಾಗ ಪುರುಷರಿಗೆ 168 ಸೆಂಟಿಮೀಟರ್ ಎತ್ತರ, 86 ಸೆಂಟಿಮೀಟರ್ ಎದೆಸುತ್ತಳತೆ ಮತ್ತು ಉಸಿರು ತುಂಬಿಕೊಂಡಾಗ 5 ಸೆಂಟಿಮೀಟರ್ ಹಿಗ್ಗುವಿಕೆ ಬೇಕಿತ್ತು. ಮಹಿಳೆಯರಿಗೆ 157 ಸೆಂಟಿಮೀಟರ್ ಎತ್ತರ ಮತ್ತು 45 ಕಿಲೋಗ್ರಾಂ ತೂಕ ನಿಗದಿಯಾಗಿತ್ತು.

ದೇಹದಾರ್ಢ್ಯ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 7 ನಿಮಿಷದೊಳಗೆ ಓಡಬೇಕು, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ. ಅದರ ಜೊತೆಗೆ ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಮತ್ತು ಗುಂಡು ಎಸೆತ. ಮಹಿಳೆಯರಾದ ನಮಗೆ ಉದ್ದ ಜಿಗಿತಕ್ಕೆ 2.50 ಮೀಟರ್, ನಾಲ್ಕು ಕಿಲೋ ಗುಂಡನ್ನು ಎಸೆಯುವುದಕ್ಕೆ 3.75 ಮೀಟರ್. ಈ ಅಂಕೆಗಳನ್ನು ಕೂತು ಓದಿದಾಗ ಸುಲಭವೆನಿಸುತ್ತದೆ. ಆದರೆ ಎದೆಯ ಮೇಲೆ ಸಂಖ್ಯೆ ಕಟ್ಟಿಕೊಂಡು, ಮುಂಜಾನೆಯಿಂದ ಸರದಿಗಾಗಿ ಕಾದು, ಮೈ ಆರಿ ತಣ್ಣಗಾದ ಮೇಲೆ ಥಟ್ಟನೆ ಟ್ರ್ಯಾಕಿಗೆ ಕರೆದಾಗ ಕಾಲು ಮಾತು ಕೇಳುವುದಿಲ್ಲ. ಗುಂಡು ಎಸೆತದಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಶಕ್ತಿ ಸಾಲದೆ ಬಿದ್ದವರಲ್ಲ. ಅಂಗೈಯಲ್ಲಿ ಗುಂಡನ್ನಿಟ್ಟು ಚೆಂಡಿನಂತೆ ಬೀಸಿ ಒಗೆದವರು ಅವರು. ಗುಂಡು ಬೆರಳುಗಳ ಬುಡದಲ್ಲಿ ಕೂತು, ಕುತ್ತಿಗೆಗೆ ತಾಗಿಕೊಂಡು, ಸೊಂಟದ ತಿರುವಿನಿಂದ ಹೊರಗೆ ತಳ್ಳಲ್ಪಡಬೇಕು, ತೋಳು ಕೊನೆಯಲ್ಲಿ ಮಾತ್ರ ಕೆಲಸ ಮಾಡಬೇಕು. ಇದನ್ನು ಬಲ್ಲವರೊಬ್ಬರಿಂದ ನೇರವಾಗಿ ಕಲಿಯುವುದು ಒಳ್ಳೆಯದು. ಈ ಹಂತ ಅರ್ಹತೆಗೆ ಮಾತ್ರ, ಇಲ್ಲಿ ಎಷ್ಟೇ ಚೆನ್ನಾಗಿ ಓಡಿದರೂ ಅದರ ಅಂಕ ಆಯ್ಕೆ ಪಟ್ಟಿಗೆ ಸೇರುವುದಿಲ್ಲ.

ಆಯ್ಕೆಯನ್ನು ನಿರ್ಧರಿಸುವುದು ಲಿಖಿತ ಪರೀಕ್ಷೆ. ಎರಡನೆಯ ಪತ್ರಿಕೆ 150 ಅಂಕಗಳ ವಸ್ತುನಿಷ್ಠ ಮಾದರಿಯದು. ಅಲ್ಲಿ ಒಂದು ಸರಿ ಉತ್ತರಕ್ಕೆ ಒಂದೂವರೆ ಅಂಕ, ಒಂದು ತಪ್ಪು ಉತ್ತರಕ್ಕೆ 0.375 ಕಡಿತ. ಎಲ್ಲರ ಗಮನವೂ ಅದರ ಮೇಲೆಯೇ. ಮೊದಲ ಪತ್ರಿಕೆ 50 ಅಂಕಗಳದು: ಪ್ರಬಂಧ, ಸಾರಾಂಶ ಲೇಖನ, ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಭಾಷಾಂತರ. ಇದನ್ನು ಕೊನೆಯ ವಾರಕ್ಕೆ ಬಿಡುವ ಅಭ್ಯರ್ಥಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಠಾಣೆಯಲ್ಲಿ ನಾಳೆ ಮಾಡಬೇಕಾದ ಕೆಲಸಕ್ಕೆ ಅತ್ಯಂತ ಹತ್ತಿರವಾದ ಪತ್ರಿಕೆ ಇದೇ. ಅಳುತ್ತಾ, ಹಿಂದುಮುಂದಾಗಿ, ಬೈಗುಳದ ನಡುವೆ ಒಬ್ಬರು ಹೇಳುವ ಘಟನೆಯಿಂದ ಯಾರು, ಯಾವಾಗ, ಎಲ್ಲಿ, ಏನು ಎಂಬುದನ್ನು ಹೆಕ್ಕಿ ನೇರ ವಾಕ್ಯಗಳಲ್ಲಿ ಬರೆಯುವ ಕೆಲಸಕ್ಕೆ ಸಾರಾಂಶ ಲೇಖನಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ನಮ್ಮ 545 ಹುದ್ದೆಗಳ ನೇಮಕಾತಿಯಲ್ಲಿ 2021ರ ಅಕ್ಟೋಬರ್‌ನಲ್ಲಿ ನಡೆದ ಲಿಖಿತ ಪರೀಕ್ಷೆ ಅಕ್ರಮಗಳು ಬೆಳಕಿಗೆ ಬಂದು ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಆ ಕಾಲ ಪ್ರಾಮಾಣಿಕವಾಗಿ ಓದಿ ಬರೆದಿದ್ದ ಎಲ್ಲರಿಗೂ ಭಾರವಾಗಿತ್ತು. ಕೆಲವರು ಬೇರೆ ಕೆಲಸಗಳಿಗೆ ಸೇರಿದರು, ಕೆಲವರು ಓದುವುದನ್ನೇ ಬಿಟ್ಟರು. ಅವರ ನಷ್ಟದ ಮುಂದೆ ನನ್ನ ಕಾಯುವಿಕೆ ದೊಡ್ಡದಲ್ಲವಾದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ.

ಆಯ್ಕೆ ಪಟ್ಟಿ ಬಂದ ಮೇಲೆ ದಾಖಲೆಗಳ ಪರಿಶೀಲನೆ, ಜಾತಿ ಸಿಂಧುತ್ವ ಪ್ರಮಾಣಪತ್ರ, ವೈದ್ಯಕೀಯ ಪರೀಕ್ಷೆ ಮತ್ತು ನಡತೆ ಹಾಗೂ ಪೂರ್ವಾಪರ ಪರಿಶೀಲನೆ ಇರುತ್ತವೆ. ಪ್ರಮಾಣಪತ್ರಗಳಲ್ಲಿ ಹೆಸರಿನ ಒಂದಕ್ಷರ ವ್ಯತ್ಯಾಸವಿದ್ದರೂ ಓಡಾಟ ಹೆಚ್ಚಾಗುತ್ತದೆ. ಅರ್ಜಿ ಹಾಕುವ ದಿನವೇ ಎಲ್ಲ ದಾಖಲೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿಕೊಂಡವರಿಗೆ ಈ ಹಂತದಲ್ಲಿ ತೊಂದರೆ ಇರುವುದಿಲ್ಲ.

ರಾಜ್ಯದಲ್ಲಿ ಪಿಎಸ್‌ಐಗಳ ಬುನಾದಿ ತರಬೇತಿ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ಮತ್ತು ಕಲಬುರಗಿಯ ಪೊಲೀಸ್ ತರಬೇತಿ ಮಹಾವಿದ್ಯಾಲಯದಲ್ಲಿ ನಡೆಯುತ್ತದೆ. ವರದಿ ಮಾಡಿಕೊಂಡ ದಿನದಿಂದ ನಮ್ಮ ಹೆಸರು ಹಿಂದೆ ಸರಿದು ತಂಡದ ಸಂಖ್ಯೆ, ಸ್ಕ್ವಾಡ್ ಮತ್ತು ಪ್ರಶಿಕ್ಷಣಾರ್ಥಿ ಎಂಬ ಗುರುತು ಮುಂದೆ ಬರುತ್ತವೆ. ನಸುಕಿನಲ್ಲಿ ಹಾಜರಾತಿ, ಅದರ ಹಿಂದೆಯೇ ಪಿ.ಟಿ., ಆಮೇಲೆ ಕವಾಯತು, ಹಗಲು ಒಳಾಂಗಣ ತರಗತಿಗಳು, ಸಂಜೆ ಆಟ ಅಥವಾ ಮತ್ತೆ ಮೈದಾನ, ರಾತ್ರಿ ರೋಲ್ ಕಾಲ್. ಮೊದಲ ತಿಂಗಳುಗಳಲ್ಲಿ ದೇಹ ಇದಕ್ಕೆ ಒಗ್ಗಿಕೊಳ್ಳುವುದರಲ್ಲಿಯೇ ಹಗಲು ಕಳೆದುಹೋಗುತ್ತದೆ. ಮೊಣಕಾಲಿನ ಕೆಳಗಿನ ಮುಂಭಾಗದ ಎಲುಬಿನ ನೋವು ಬಹುತೇಕ ಎಲ್ಲರನ್ನೂ ಕಾಡುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ಓಡಿದವರು ಎಲುಬಿನಲ್ಲಿ ಸಣ್ಣ ಬಿರುಕು ಬಂದು ವಾರಗಟ್ಟಲೆ ಮೈದಾನದ ಅಂಚಿನಲ್ಲಿ ಕೂರಬೇಕಾಯಿತು. ನೋವನ್ನು ಮೊದಲ ದಿನವೇ ವೈದ್ಯರಿಗೆ ಹೇಳುವುದರಲ್ಲಿ ಯಾವ ದೌರ್ಬಲ್ಯವೂ ಇಲ್ಲವೆಂದು ಹೊಸಬರಿಗೆ ಒತ್ತಿ ಹೇಳುತ್ತೇನೆ.

ಕವಾಯತಿನ ಬಗ್ಗೆ ಹೊರಗಿನವರಿಗೆ ಒಂದು ಪ್ರಶ್ನೆ ಇರುತ್ತದೆ: ಕಳ್ಳನನ್ನು ಹಿಡಿಯುವುದಕ್ಕೂ ಕಾಲು ಸಮನಾಗಿ ಎತ್ತುವುದಕ್ಕೂ ಏನು ಸಂಬಂಧ? ತೇಜ್ ಚಾಲಿನಲ್ಲಿ ನಿಮಿಷಕ್ಕೆ 120 ಹೆಜ್ಜೆ, ಪ್ರತಿ ಹೆಜ್ಜೆ 30 ಅಂಗುಲ. ಎತ್ತರದವರು ಹೆಜ್ಜೆಯನ್ನು ಕುಗ್ಗಿಸಬೇಕು, ಗಿಡ್ಡಗಿರುವವರು ಹಿಗ್ಗಿಸಬೇಕು, ಕಣ್ಣಿನ ಅಂಚಿನಿಂದ ಬಲಬದಿಯವರನ್ನು ನೋಡುತ್ತಾ ಸಾಲು ಕಾಯಬೇಕು. ಆದೇಶದ ಮೊದಲ ಭಾಗ ಎಚ್ಚರಿಸುತ್ತದೆ, ಎರಡನೆಯ ಭಾಗ ನಡೆಸುತ್ತದೆ. ಎರಡರ ನಡುವಿನ ಕ್ಷಣದಲ್ಲಿ ಮೈ ಸಿದ್ಧವಾಗಿರಬೇಕು, ಆದರೆ ಕದಲಬಾರದು. ಈ ಒಂದು ಕ್ಷಣದ ತಡೆ ಎಷ್ಟು ಮುಖ್ಯವೆಂಬುದು ನನಗೆ ಗುಂಪು ನಿಯಂತ್ರಣದ ಅಭ್ಯಾಸದಲ್ಲಿ ಸ್ಪಷ್ಟವಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಶಸ್ತ್ರ ತರಬೇತಿಯಲ್ಲಿ 7.62 ಎಂಎಂ ಎಸ್‌ಎಲ್‌ಆರ್, 5.56 ಎಂಎಂ ಇನ್ಸಾಸ್ ರೈಫಲ್, 9 ಎಂಎಂ ಪಿಸ್ತೂಲುಗಳನ್ನು ಬಿಚ್ಚುವುದು, ಜೋಡಿಸುವುದು, ಶುಚಿಗೊಳಿಸುವುದು ಗುಂಡು ಹಾರಿಸುವುದಕ್ಕಿಂತ ಎಷ್ಟೋ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಪುಲ್‌ಥ್ರೂ ದಾರಕ್ಕೆ ಚಿಂದಿ ಬಟ್ಟೆ ಸಿಕ್ಕಿಸಿ ನಳಿಕೆಯ ಒಳಗಿಂದ ಎಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಎಳೆದು, ಒಂದಿಷ್ಟೂ ಕಪ್ಪು ಉಳಿಯದವರೆಗೆ ಬೋಧಕರು ಒಪ್ಪುತ್ತಿರಲಿಲ್ಲ. ಫೈರಿಂಗ್ ರೇಂಜಿನಲ್ಲಿ ಹಿಡಿತ, ಗುರಿ, ಉಸಿರು, ಟ್ರಿಗರ್ ಎಂಬ ನಾಲ್ಕನ್ನು ಒಂದುಗೂಡಿಸುವುದಷ್ಟೇ ಪಾಠ. ಗುರಿಯ ನಡುಬಿಂದುವಿಗೆ ತಗುಲುವುದಕ್ಕಿಂತ ಎಲ್ಲ ಗುಂಡುಗಳೂ ಒಂದೇ ಕಡೆ ಗುಂಪಾಗಿ ಬೀಳುವುದನ್ನು ಅವರು ಮೊದಲು ನೋಡುತ್ತಾರೆ, ಏಕೆಂದರೆ ಗುಂಪಾಗಿ ಬಿದ್ದರೆ ಹಿಡಿತ ಸ್ಥಿರವಾಗಿದೆ ಎಂದರ್ಥ, ದಿಕ್ಕನ್ನು ಆಮೇಲೆ ತಿದ್ದಬಹುದು. ರೇಂಜಿನಿಂದ ಹೊರಡುವ ಮೊದಲು ಕೊಟ್ಟ ಗುಂಡುಗಳಿಗೂ ನೆಲದಿಂದ ಆಯ್ದ ಖಾಲಿ ತೋಟಾಗಳಿಗೂ ಲೆಕ್ಕ ತಾಳೆಯಾಗಿ ರಿಜಿಸ್ಟರಿನಲ್ಲಿ ಸಹಿ ಬೀಳಬೇಕು. ಒಂದು ತೋಟಾ ಹುಲ್ಲಿನಲ್ಲಿ ಕಾಣದಾದರೆ ಇಡೀ ಸ್ಕ್ವಾಡ್ ಸಾಲಾಗಿ ಮಂಡಿಯೂರಿ ಹುಡುಕುತ್ತದೆ. ಹಾರಿಸಿದ ಪ್ರತಿಯೊಂದು ಗುಂಡಿಗೂ ಉತ್ತರ ಹೇಳಬೇಕೆಂಬುದನ್ನು ಆ ಹುಡುಕಾಟದಷ್ಟು ಬೇರಾವ ಉಪನ್ಯಾಸವೂ ಮನಸ್ಸಿಗೆ ಇಳಿಸಲಿಲ್ಲ.

ಇನ್ನು ಒಳಾಂಗಣ. ನಮ್ಮದು ಹೊಸ ಕಾನೂನುಗಳ ಕಾಲದ ತಂಡ. 2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಹಳಬರ ಬಾಯಲ್ಲಿ ಕೊಲೆ ಎಂದರೆ ಇಂದಿಗೂ 302. ನಾವು 103 ಎಂದು ಕಲಿತೆವು, ಆದರೆ 302ನ್ನು ಮರೆಯುವಂತಿರಲಿಲ್ಲ, ಏಕೆಂದರೆ 2024ರ ಜುಲೈಗೆ ಮುಂಚೆ ನಡೆದ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ ಮತ್ತು ಅಂಥ ಪ್ರಕರಣಗಳು ನ್ಯಾಯಾಲಯಗಳಲ್ಲಿ ಇನ್ನೂ ಬಹುಕಾಲ ನಡೆಯಲಿವೆ. ಹಾಗಾಗಿ ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಬರೆದ ನೋಟ್‌ಬುಕ್ ನಮ್ಮೆಲ್ಲರ ಕೈಯಲ್ಲೂ ಇತ್ತು. ಕಲಂಗಳ ಸಂಖ್ಯೆ ಬಾಯಿಪಾಠವಾಗುವುದು ದೊಡ್ಡ ಮಾತಲ್ಲ, ಪುಸ್ತಕ ತೆಗೆದರೆ ಸಿಗುತ್ತದೆ. ಒಂದು ಕಲಂ ನನ್ನ ಕೈಗೆ ಏನು ಕೊಡುತ್ತದೆ, ನನ್ನ ಕೈಯನ್ನು ಎಲ್ಲಿ ಕಟ್ಟುತ್ತದೆ ಎಂಬುದನ್ನು ಓದಿ ತಿಳಿಯುವುದಕ್ಕೆ ಸಮಯ ಹಿಡಿಯಿತು.

ಬಂಧನದ ಪಾಠವನ್ನೇ ನೋಡಿ. ಸುರಕ್ಷಾ ಸಂಹಿತೆಯ 35ನೇ ಕಲಂ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಕೊಡುತ್ತದೆ. ಆದರೆ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯವಾಯಿತು ಎಂಬ ಕಾರಣವನ್ನು ಅಧಿಕಾರಿ ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸ್ ಕೊಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಆರೋಪಿ ಅಶಕ್ತರಾಗಿದ್ದರೆ ಅಥವಾ 60 ವರ್ಷ ದಾಟಿದವರಾಗಿದ್ದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯೇ ಕೊಟ್ಟ ಹಕ್ಕು. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಮಹಿಳೆಯನ್ನು ಬಂಧಿಸುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿಯ ಲಿಖಿತ ವರದಿಯ ಮೇಲೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಗಳನ್ನು ನಮಗೆ ಒಂದೊಂದಾಗಿ ಬರೆಸಿದರು: ಹೆಸರಿನ ಫಲಕ ಕಾಣಬೇಕು, ಬಂಧನದ ಮೆಮೊ ತಯಾರಾಗಬೇಕು, ಅದಕ್ಕೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ಅಥವಾ ಗೆಳೆಯರಿಗೆ ಸುದ್ದಿ ಮುಟ್ಟಬೇಕು, ವೈದ್ಯಕೀಯ ತಪಾಸಣೆಯಾಗಬೇಕು.

ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂಬ ಶೀರ್ಷಿಕೆಯನ್ನು ಪತ್ರಿಕೆಗಳಲ್ಲಿ ನಾವೆಲ್ಲರೂ ಓದಿದವರೇ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ, ಹಳೆಯ ಕಾನೂನಿನಲ್ಲಿಯೂ ಹಾಗೇ ಇತ್ತು. ಆತ ಕೊಟ್ಟ ಮಾಹಿತಿಯಿಂದ ಒಂದು ವಸ್ತುವೋ ಸಂಗತಿಯೋ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ನ್ಯಾಯಾಲಯಕ್ಕೆ ಬರುತ್ತದೆ. ಹೊಡೆದು ಬಾಯಿ ಬಿಡಿಸುವುದು ಅಪರಾಧ ಮಾತ್ರವಲ್ಲ, ತನಿಖೆಯ ದೃಷ್ಟಿಯಿಂದಲೂ ವ್ಯರ್ಥ ಎಂಬುದನ್ನು ಈ ಒಂದು ಕಲಂ ಸಾರುತ್ತದೆ. ಅಕಾಡೆಮಿಯಲ್ಲಿ ಇದನ್ನು ನೀತಿಪಾಠವಾಗಿ ಹೇಳಿದ್ದರೆ ಅರ್ಧ ತರಗತಿ ತೂಕಡಿಸುತ್ತಿತ್ತೇನೋ. ಹೀಗೆ ಗಳಿಸಿದ ಹೇಳಿಕೆಯ ಮೇಲೆ ನಿಂತ ಪ್ರಕರಣ ವಿಚಾರಣೆಯಲ್ಲಿ ಹೇಗೆ ಕುಸಿಯುತ್ತದೆ ಎಂದು ಹಂತ ಹಂತವಾಗಿ ಬಿಡಿಸಿ ತೋರಿಸಿದ್ದರಿಂದ ಎಲ್ಲರೂ ಎಚ್ಚರವಾಗಿ ಕೇಳಿದರು.

ನಾನು ಅತಿ ಹೆಚ್ಚು ಕಲಿತದ್ದು ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಮುಂದೆ ದಾಖಲಿಸುವ ಪತ್ರ, ಬರೆಯುವ ತರಗತಿಗಳಲ್ಲಿ. ಖಾಲಿ ಕೋಣೆಯೊಂದರಲ್ಲಿ ಕಲ್ಪಿತ ಕಳವಿನ ಸ್ಥಳವನ್ನು ಸಜ್ಜುಗೊಳಿಸಿದ್ದರು: ಒಡೆದ ಬೀಗ, ತೆರೆದ ಬೀರು, ನೆಲದ ಮೇಲೆ ಬಟ್ಟೆ, ಕಿಟಕಿಯ ಕಂಬಿಯ ಮೇಲೊಂದು ಕಲೆ, ಮಂಚದ ಕೆಳಗೆ ಒಂದು ಸರ. ಇಬ್ಬರು ಸಹಪಾಠಿಗಳನ್ನು ಪಂಚರನ್ನಾಗಿ, ಅಂದರೆ ಆ ಸಾಕ್ಷಿಗಳನ್ನಾಗಿ ಮಾಡಿ, ಉಳಿದವರು ಸ್ಥಳ ಮಹಜರು ಬರೆಯಬೇಕಿತ್ತು. ನಮ್ಮ ಬೋಧಕರು ಠಾಣೆಗಳಲ್ಲಿ ದೀರ್ಘಕಾಲ ತನಿಖೆ ನಡೆಸಿ ನಿವೃತ್ತರಾದ ಹಿರಿಯರು. ಎಲ್ಲರ ಹಾಳೆಗಳನ್ನೂ ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಚಿನ್ನದ ಸರ ಅಂತ ಬರೆದಿದ್ದೀರಲ್ಲ, ಚಿನ್ನ ಅಂತ ಯಾರು ಹೇಳಿದ್ರು ನಿಮಗೆ?” ಕೋಣೆಯಲ್ಲಿ ಇದ್ದದ್ದು ಹಳದಿ ಬಣ್ಣದ ಲೋಹದ ಸರ. ಅದು ಚಿನ್ನವೇ ಎಂದು ಹೇಳಬೇಕಾದವರು ಪರೀಕ್ಷಿಸಿದ ಅಕ್ಕಸಾಲಿಗರು. ಕಿಟಕಿಯ ಮೇಲಿದ್ದದ್ದು ರಕ್ತವಲ್ಲ, ಒಣಗಿದ ಕೆಂಪು ಮಿಶ್ರಿತ ಕಂದು ಬಣ್ಣದ ಕಲೆ. ರಕ್ತ ಹೌದೋ ಅಲ್ಲವೋ, ಮನುಷ್ಯನದ್ದೋ ಅಲ್ಲವೋ ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯ ಹೇಳಬೇಕು. “ಕಂಡಿದ್ದನ್ನ ಬರೀರಿ, ಅನ್ನಿಸಿದ್ದನ್ನ ಬರೀಬೇಡಿ” ಎಂದು ಅವರು ಹೇಳಿದ ಮಾತನ್ನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ.

ಒಳ್ಳೆಯ ಮಹಜರಿನಲ್ಲಿ ಏನೇನಿರಬೇಕೆಂಬ ಪಟ್ಟಿ ಉದ್ದದ್ದು, ಆದರೆ ಅದರ ಹಿಂದಿರುವ ಆಲೋಚನೆ ಸರಳ: ಆ ಸ್ಥಳವನ್ನು ಎಂದೂ ನೋಡದ ನ್ಯಾಯಾಧೀಶರಿಗೆ, ವರ್ಷಗಳ ನಂತರ, ಸ್ಥಳ ಕಣ್ಣಿಗೆ ಕಟ್ಟಬೇಕು. ಆದ್ದರಿಂದ ನಾಲ್ಕು ದಿಕ್ಕಿನ ಚೆಕ್ಕುಬಂದಿ, ಬಾಗಿಲಿನಿಂದ ಬೀರುವಿಗೆ ಇರುವ ದೂರ, ಬೀಗ ಒಡೆದದ್ದು ಹೊರಗಿನಿಂದಲೋ ಒಳಗಿನಿಂದಲೋ ಎಂಬ ಗುರುತು, ಬೆಳಕು ಎಲ್ಲಿಂದ ಬರುತ್ತಿತ್ತು, ಬರೆಯಲು ಆರಂಭಿಸಿದ ಮತ್ತು ಮುಗಿಸಿದ ಸಮಯ, ಪಂಚರ ಪೂರ್ಣ ವಿವರ, ಪ್ರತಿ ಪುಟಕ್ಕೂ ಸಹಿ. ವಶಪಡಿಸಿಕೊಂಡ ಪ್ರತಿಯೊಂದು ವಸ್ತುವಿಗೂ ಗುರುತಿನ ಚೀಟಿ, ಬಟ್ಟೆಯ ಹೊಲಿಗೆಯ ಮೇಲೆ ಅರಗಿನ ಮೊಹರು, ಅದೇ ಮೊಹರಿನ ಮಾದರಿ ಮಹಜರಿನ ಮೇಲೂ ಇರಬೇಕು. ಒದ್ದೆಯಾದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತೇವ ಒಳಗೇ ಉಳಿದು ಕಲೆ ಕೊಳೆಯುತ್ತದೆ, ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಈಗ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ವಿಡಿಯೊದಲ್ಲಿ ಚಿತ್ರೀಕರಿಸುವುದು ಕಡ್ಡಾಯ. ಇದರಿಂದ ಬರವಣಿಗೆಯ ಹೊರೆ ಇಳಿಯಿತೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ವಿಡಿಯೊದಲ್ಲಿ ಒಂದು, ಮಹಜರಿನಲ್ಲಿ ಇನ್ನೊಂದು ಇದ್ದರೆ ಎರಡೂ ಬೀಳುತ್ತವೆ, ಹಾಗಾಗಿ ಬರೆಯುವವರ ಜವಾಬ್ದಾರಿ ಇಮ್ಮಡಿಯಾಗಿದೆ.

ಇದರ ಬೆಲೆ ಅಣಕು ನ್ಯಾಯಾಲಯದಲ್ಲಿ ತಿಳಿಯಿತು. ತನಿಖಾಧಿಕಾರಿಯ ಸ್ಥಾನದಲ್ಲಿ ಕಟಕಟೆ ಹತ್ತಿದ ಸಹಪಾಠಿಯೊಬ್ಬರನ್ನು, ಆರೋಪಿ ಪರ ವಕೀಲರ ಪಾತ್ರ ವಹಿಸಿದ್ದ ಅಭಿಯೋಜಕರು ಪಾಟೀಸವಾಲಿಗೆ ಒಳಪಡಿಸಿದರು. ರಾತ್ರಿ ನಡೆದ ಘಟನೆಯನ್ನು ಸಾಕ್ಷಿ ಬೀದಿದೀಪದ ಬೆಳಕಿನಲ್ಲಿ ನೋಡಿದನೆಂದು ಹೇಳಿಕೆ ಇತ್ತು. ಮಹಜರಿನಲ್ಲಿ ಬೀದಿದೀಪದ ಪ್ರಸ್ತಾಪವೇ ಇರಲಿಲ್ಲ. ಕಂಬ ಯಾವ ದಿಕ್ಕಿನಲ್ಲಿತ್ತು, ಎಷ್ಟು ದೂರದಲ್ಲಿತ್ತು, ಆ ರಾತ್ರಿ ಉರಿಯುತ್ತಿತ್ತೇ, ವಿದ್ಯುತ್ ಸರಬರಾಜಿನ ಬಗ್ಗೆ ಪತ್ರ ಪಡೆದಿದ್ದೀರಾ ಎಂದು ಅವರು ದನಿ ಏರಿಸದೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದಂತೆ ಪ್ರಕರಣದ ಏಕೈಕ ಪ್ರತ್ಯಕ್ಷ ಸಾಕ್ಷಿ ನಮ್ಮ ಕಣ್ಣೆದುರೇ ನಿಷ್ಪ್ರಯೋಜಕವಾಯಿತು. ಸಾಕ್ಷಿ ಸುಳ್ಳು ಹೇಳಿರಲಿಲ್ಲ, ದೀಪವೂ ಇತ್ತು, ಬರೆದಿರಲಿಲ್ಲ ಅಷ್ಟೆ. ಅನ್ಯಾಯಕ್ಕೊಳಗಾದವರೊಬ್ಬರು ಹೀಗೆ ಒಂದು ಸಾಲಿನ ಕೊರತೆಯಿಂದ ನ್ಯಾಯ ಕಳೆದುಕೊಳ್ಳಬಹುದು ಎಂಬುದು ನನ್ನನ್ನು ಆ ದಿನವಿಡೀ ಕಾಡಿತು.

ಶವಾಗಾರದ ಭೇಟಿ ಪಠ್ಯಕ್ರಮದ ಭಾಗ, ಅದನ್ನು ಯಾರೂ ಮರೆಯಲಾರರು. ನೇಣಿನಿಂದ ಸತ್ತಾಗ ಕುತ್ತಿಗೆಯ ಮೇಲಿನ ಗುರುತು ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ಓರೆಯಾಗಿ, ಗಂಟಿನ ಬಳಿ ಕಡಿದುಹೋದಂತೆ ಇರುತ್ತದೆ. ಹಗ್ಗದಿಂದ ಬಿಗಿದು ಕೊಂದಾಗ ಅದು ಕೆಳಗೆ, ಅಡ್ಡವಾಗಿ, ಸುತ್ತಲೂ ಇರುತ್ತದೆ. ಅಸಹಜ ಸಾವಿನ ಶವ ಪಂಚನಾಮೆ ಬರೆಯುವ ಪಿಎಸ್‌ಐ ಇದನ್ನು ಗಮನಿಸದೆ ಸಾಲು ತುಂಬಿಸಿದರೆ ಕೊಲೆಯೊಂದು ಆತ್ಮಹತ್ಯೆಯಾಗಿ ಕಡತ ಸೇರಬಹುದು. ವೈದ್ಯರು ಆ ದೇಹವನ್ನು ಮುಟ್ಟುವ ಪ್ರತಿ ಸಲವೂ ತೋರಿಸುತ್ತಿದ್ದ ಗೌರವವನ್ನು ಕಂಡು, ಸತ್ತವರ ಬಗ್ಗೆ ಬರೆಯುವಾಗ ಬಳಸುವ ಪದಗಳಲ್ಲಿಯೂ ಅದೇ ಗೌರವ ಇರಬೇಕೆಂದು ನಾವು ಕೆಲವರು ಮಾತಾಡಿಕೊಂಡೆವು.

ಗುಂಪು ನಿಯಂತ್ರಣದ ವಿಷಯಕ್ಕೆ ಮರಳುತ್ತೇನೆ. ಕಾನೂನುಬಾಹಿರ ಕೂಟವನ್ನು ಚದುರುವಂತೆ ಆದೇಶಿಸುವ ಅಧಿಕಾರ ಸುರಕ್ಷಾ ಸಂಹಿತೆಯ 148ನೇ ಕಲಂನಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಠಾಣಾಧಿಕಾರಿಗೆ, ಠಾಣಾಧಿಕಾರಿ ಇಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಇದೆ. ಅಂದರೆ ತರಬೇತಿ ಮುಗಿಸಿ ಹೊರಬಂದ ಇಪ್ಪತ್ತೈದರ ಆಸುಪಾಸಿನ ಯುವಕನೋ ಯುವತಿಯೋ ಆ ಆದೇಶ ಕೊಡಬೇಕಾಗಬಹುದು. ಅಭ್ಯಾಸದಲ್ಲಿ ಅರ್ಧ ತಂಡ ಗುಂಪಾಗಿ ಕೂಗಾಡುತ್ತಾ ಕಲ್ಲಿನ ಬದಲು ಬಟ್ಟೆಯುಂಡೆ ಎಸೆಯುತ್ತಿತ್ತು, ಉಳಿದರ್ಧ ಲಾಠಿ, ಗುರಾಣಿ, ಹೆಲ್ಮೆಟ್ ಧರಿಸಿ ಸಾಲುಗಟ್ಟಿತ್ತು. ಮೊದಲು ಧ್ವನಿವರ್ಧಕದಲ್ಲಿ ಎಚ್ಚರಿಕೆ, ಚದುರಲು ಸಮಯ, ಆಮೇಲೆ ಅಶ್ರುವಾಯು, ನಂತರ ಲಾಠಿ, ಅದೂ ಸೊಂಟದ ಕೆಳಗೆ ಮಾತ್ರ. ಬಟ್ಟೆಯುಂಡೆ ಹೆಲ್ಮೆಟ್ಟಿಗೆ ಬಡಿದಾಗಲೂ ಸಿಟ್ಟು ಉಕ್ಕುತ್ತದೆ, ಕೈ ತಾನಾಗಿ ಮೇಲೇಳುತ್ತದೆ. ಆದೇಶದ ಎರಡು ಭಾಗಗಳ ನಡುವೆ ಕದಲದೆ ನಿಲ್ಲುವ ಕವಾಯತಿನ ಅಭ್ಯಾಸ ಕೆಲಸಕ್ಕೆ ಬರುವುದು ಇಲ್ಲಿ. ಆದೇಶಕ್ಕೆ ಮುಂಚೆ ಒಬ್ಬರೇ ಮುನ್ನುಗ್ಗಿದರೆ ಸಾಲು ಒಡೆಯುತ್ತದೆ, ಆಮೇಲೆ ಏನಾಗುತ್ತದೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಯಾರು, ಯಾವ ಸಮಯಕ್ಕೆ, ಯಾವ ಎಚ್ಚರಿಕೆ ಕೊಟ್ಟರು, ಎಷ್ಟು ಶೆಲ್‌ಗಳು ಬಳಕೆಯಾದವು, ಯಾರಿಗೆ ಏಟು ಬಿತ್ತು ಎಂದು ಕೂತು ವರದಿ ಬರೆಯುವುದು ಇದ್ದೇ ಇತ್ತು.

ಮಹಿಳಾ ಪ್ರಶಿಕ್ಷಣಾರ್ಥಿಗಳು ವಿಶೇಷ ಗಮನ ಕೊಟ್ಟು ಓದಿದ ಕಾನೂನು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಮಗು ಬಯಸುವ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ದಾಖಲಿಸಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೇಳಿಕೆ ಮಗು ಆಡಿದ ಮಾತಿನಲ್ಲೇ ಇರಬೇಕು. ಮಗು ತನ್ನದೇ ಪದದಲ್ಲಿ ದೇಹದ ಭಾಗವೊಂದನ್ನು ಹೇಳಿದರೆ ಆ ಪದವನ್ನೇ ಬರೆಯಬೇಕು, ನಮ್ಮ ಮುಜುಗರಕ್ಕೆ ಅದನ್ನು ತಿದ್ದಿ ಗ್ರಾಂಥಿಕಗೊಳಿಸಿದರೆ ಅದು ಮಗುವಿನ ಹೇಳಿಕೆಯಾಗಿ ಉಳಿಯುವುದಿಲ್ಲ. ಅಭ್ಯಾಸಕ್ಕೆಂದು ನಾವು ಜೋಡಿಯಾಗಿ ಕೂತು, ಒಬ್ಬರು ಮಗುವಾಗಿ ಉತ್ತರಿಸಿ ಇನ್ನೊಬ್ಬರು ಕೇಳಿ ಬರೆದೆವು. ಅವನು ನಿನ್ನನ್ನು ಮುಟ್ಟಿದನಾ ಎಂದು ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಹಾಕಿದಂತೆ. ಆಮೇಲೆ ಏನಾಯ್ತು ಪುಟ್ಟಾ ಎಂದು ಕೇಳಿ, ಮಗು ಸುಮ್ಮನಾದರೆ ಸುಮ್ಮನೆ ಕಾಯಬೇಕು. ಬೇಗ ಮುಗಿಸಬೇಕೆಂಬ ಅವಸರವನ್ನು ಹತ್ತಿಕ್ಕಿ ಹಾಗೆ ಕಾಯುವುದು ನಾನು ಈ ಕೆಲಸದಲ್ಲಿ ಕಲಿತ ಅತ್ಯಂತ ಕಠಿಣ ಸಂಗತಿ.

ನಿರ್ಗಮನ ಪಥಸಂಚಲನಕ್ಕೆ ವಾರಗಟ್ಟಲೆ ತಾಲೀಮು ನಡೆಯಿತು. ಪ್ರತಿಜ್ಞಾವಿಧಿ ಸ್ವೀಕರಿಸಿದೆವು, ಹೆಗಲ ಮೇಲೆ ಎರಡು ನಕ್ಷತ್ರ, ಕೆಂಪು ನೀಲಿ ಪಟ್ಟಿ ಬಂದವು, ಮನೆಯವರು ಬಂದು ನೋಡಿದರು. ಅದರ ಚಿತ್ರಗಳನ್ನು ಎಲ್ಲರೂ ನೋಡಿರುತ್ತೀರಿ.

ಅಲ್ಲಿಗೆ ಕಲಿಕೆ ಮುಗಿಯುವುದಿಲ್ಲ. ಪ್ರೊಬೇಷನರಿ ಪಿಎಸ್‌ಐ ಆಗಿ ಜಿಲ್ಲೆಗೆ ಬಂದ ಮೇಲೆ ಪ್ರಾಯೋಗಿಕ ತರಬೇತಿ. ಠಾಣೆಯ ಬರವಣಿಗೆ, ಬೀಟ್, ರಾತ್ರಿ ಗಸ್ತು, ನ್ಯಾಯಾಲಯದ ಕೆಲಸ, ಬಂದೋಬಸ್ತ್, ಸಮನ್ಸ್ ಜಾರಿ, ಹೀಗೆ ಒಂದೊಂದು ಕೆಲಸಕ್ಕೂ ಹಚ್ಚುತ್ತಾರೆ. ಇಲ್ಲಿ ನನಗೆ ದೊಡ್ಡ ಗುರುಗಳು ಸ್ಟೇಷನ್ ರೈಟರ್ ಆಗಿರುವ ಹೆಡ್ ಕಾನ್‌ಸ್ಟೆಬಲ್. ದರ್ಜೆಯಲ್ಲಿ ನಾನು ಮೇಲಿನವಳಾದ್ದರಿಂದ ಅವರು ನನ್ನನ್ನು ಮೇಡಂ ಎಂದು ಕರೆಯುತ್ತಾರೆ, ನಾನು ಅವರನ್ನು ಸರ್ ಎಂದೇ ಕರೆಯುತ್ತೇನೆ. ಠಾಣಾ ದಿನಚರಿಯಲ್ಲಿ ಎರಡು ನಮೂದುಗಳ ನಡುವೆ ಖಾಲಿ ಸಾಲು ಬಿಡಬಾರದು, ತಪ್ಪಿದ ಪದವನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಹೊಡೆದು ಸಹಿ ಮಾಡಬೇಕು, ಕೇಸ್ ಡೈರಿಯನ್ನು ನಾಳೆಗೆ ಬಿಡಬಾರದು ಎಂಬಂಥವನ್ನು ಅವರು ಕಾರಣ ಸಹಿತ ಹೇಳಿಕೊಟ್ಟರು.

ಇತ್ತೀಚೆಗೆ ಒಂದು ಸಂಜೆ ವಯಸ್ಸಾದವರೊಬ್ಬರು ಬಸ್ಸಿನಲ್ಲಿ ಚೀಲ ಕಳವಾದ ದೂರು ತಂದರು. ಕಳವಾದ 'ಜಾಗ' ಬೇರೊಂದು ಠಾಣೆಯ ಸರಹದ್ದಿನದು ಎಂದು ಮಾತಿನ ನಡುವೆ ಗೊತ್ತಾಯಿತು. ಅಲ್ಲಿಗೇ ಹೋಗಿ ಎನ್ನುವುದು ಸುಲಭ, ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿತ್ತು. ಈಗ ಸುರಕ್ಷಾ ಸಂಹಿತೆಯ 173ನೇ ಕಲಂ, ಕೃತ್ಯ ನಡೆದ ಸ್ಥಳ ಯಾವ ಸರಹದ್ದಿನದೇ ಆಗಿರಲಿ ಮಾಹಿತಿಯನ್ನು ದಾಖಲಿಸಬೇಕೆಂದು ಸ್ಪಷ್ಟವಾಗಿ ಬರೆದಿದೆ. ಅವರನ್ನು ಕೂರಿಸಿ, ಹೇಳಿದ್ದನ್ನು ಬರೆದು, ಓದಿ ಹೇಳಿ, ಸಹಿ ಪಡೆದು, ಠಾಣಾಧಿಕಾರಿಗಳ ಅನುಮತಿಯೊಂದಿಗೆ ಝೀರೊ ಎಫ್‌ಐಆರ್ ದಾಖಲಿಸಿದೆವು. ಚೀಲದಲ್ಲಿದ್ದ ಒಡವೆಯನ್ನು ಅವರು ಚಿನ್ನದ್ದೆಂದು ಹೇಳಿದ್ದರಿಂದ ಫಿರ್ಯಾದಿಯಲ್ಲಿ ಚಿನ್ನದ್ದೆಂದೇ ಬರೆದೆ, ಏಕೆಂದರೆ ಅದು ಅವರ ಮಾತು. ಎಫ್‌ಐಆರ್‌ನ ಒಂದು ಪ್ರತಿಯನ್ನು ಉಚಿತವಾಗಿ ಅವರ ಕೈಗೆ ಕೊಟ್ಟು, ಕಡತವನ್ನು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಿ, ಅಲ್ಲಿನ ಠಾಣಾಧಿಕಾರಿಗೆ ಫೋನಿನಲ್ಲಿ ವಿಷಯ ತಿಳಿಸಿ, ದಿನಚರಿಯಲ್ಲಿ ಸಮಯ ನಮೂದಿಸಿದೆ. ಆ ಠಾಣೆಯಲ್ಲಿ ಪ್ರಕರಣಕ್ಕೆ ಅಪರಾಧ ಸಂಖ್ಯೆ ಬಿದ್ದ ಮೇಲೆ ಅದನ್ನು ಅವರಿಗೆ ತಿಳಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ.